ಇನ್ನೆರಡು ದಿನ ಎಂದವನು

ನರೋಣಾದ ಬಳೆಗಾರ ಮೌಲಾಲಿಗೆ ಸೈಕಲ್ಲಿನ ಹುಚ್ಚು ಹತ್ತಿದ್ದು ವ್ಯಾಪಾರದಿಂದಲೇ. ಕ್ಯಾರಿಯರಿಗೆ ಬಳೆಯ ಪೆಟ್ಟಿಗೆ ಬಿಗಿದು ಬೆಳಿಗ್ಗೆ ಮನೆ ಬಿಟ್ಟರೆ ನಾಲ್ಕಾರು ಹಳ್ಳಿ ಸುತ್ತಬೇಕು. ಗಾಜಿನ ಬಳೆ ಒಡೆಯದಂತೆ ತಗ್ಗು ದಿಣ್ಣೆ ತಪ್ಪಿಸಿ, ಒಂದೇ ಹದದಲ್ಲಿ ತುಳಿಯುವುದು ಅವನಿಗೆ ಇಪ್ಪತ್ತು ವರ್ಷಕ್ಕೇ ಕೈಗೂಡಿತ್ತು. ಪೆಟ್ಟಿಗೆ ಖಾಲಿಯಾದ ದಿನ ನೆಟ್ಟಗೆ ಮನೆಗೆ ಬರುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಆಳಂದಕ್ಕೆ ಹೋಗಿ ಬರುತ್ತಿದ್ದ. ಯಾಕೆಂದು ಹೆಂಡತಿ ಶಮಶಾದ ಕೇಳಿದರೆ ಸುಮ್ಮನೆ ನಗುತ್ತಿದ್ದ.

ಆಗ ಊರೂರಿಗೆ ಸೈಕಲ್ಲಿನವರು ಬರುತ್ತಿದ್ದರು. ಬಯಲಿನಲ್ಲಿ ಒಂದು ಕಂಬ ನೆಟ್ಟು, ಅದರ ಸುತ್ತ ಹಗಲೂ ರಾತ್ರಿ ಕೆಳಗಿಳಿಯದೆ ಸೈಕಲ್ ತುಳಿಯುವ ಆಟ. ಊಟ, ಸ್ನಾನ, ಗಡ್ಡ ಬೋಳಿಸಿಕೊಳ್ಳುವುದು ಎಲ್ಲವೂ ಸೈಕಲ್ಲಿನ ಮೇಲೆಯೇ. ಎಪ್ಪತ್ನಾಲ್ಕರಲ್ಲಿ ಅಂಥ ಒಬ್ಬನನ್ನು ಆಳಂದದಲ್ಲಿ ನೋಡಿದ ಮೌಲಾಲಿ, ಇದು ತನಗೂ ಆದೀತು ಅಂದುಕೊಂಡ. ಹಿರೋಳ್ಳಿಯ ಮಲ್ಕಪ್ಪ ಮದುವೆ ಮನೆಗಳಿಗೆ ಮೈಕು ಹಚ್ಚುವವನು, ಅವನ ಜೀವದ ಗೆಳೆಯ. ಅವನು ಮೈಕು ತಂದ. ಮರುವರ್ಷ ಮೌಲಾಲಿ ಆಳಂದದಲ್ಲಿ ಮೂರು ದಿನ ತುಳಿದ. ಆಮೇಲೆ ಅಫಜಲಪುರದಲ್ಲಿ ಐದು ದಿನ. ಜನ ಹಾರ ಹಾಕಿ, ಹೆಗಲ ಮೇಲೆ ಹೊತ್ತು ಕುಣಿದರು. ಇನ್ನು ಉಳಿದಿದ್ದು ಏಳು ದಿನದ್ದು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಜೇವರ್ಗಿಯ ಬಯಲಿನಲ್ಲಿ ಕಂಬ ನೆಟ್ಟರು.

ನಾಲ್ಕು ದಿನ ಯಾವ ತೊಂದರೆಯೂ ಇಲ್ಲದೆ ಕಳೆದವು. ಐದನೆಯ ದಿನ ಮಧ್ಯಾಹ್ನ, ಜನ ಊಟಕ್ಕೆ ಹೋಗಿ ಬಯಲು ಬರಿದಾಗಿದ್ದಾಗ, ನರೋಣಾದ ಕಡೆಯಿಂದ ಬಸ್ಸಿಗೆ ಬಂದವನೊಬ್ಬ ಮಲ್ಕಪ್ಪನ ಕೈಗೆ ಒಂದು ಚೀಟಿ ಕೊಟ್ಟು ತನ್ನ ಕೆಲಸಕ್ಕೆ ಹೋದ. ಮಲ್ಕಪ್ಪ ಓದಿಕೊಂಡು, ಸೈಕಲ್ಲಿನ ಮಗ್ಗುಲಲ್ಲೇ ದಾಪುಗಾಲು ಹಾಕುತ್ತ ಬಂದ.

"ಮೌಲಾ, ಮನಿಯಿಂದ ಚೀಟಿ ಬಂದದ. ಬೀಬಿಜಾನಗ ಜ್ವರ ಬಾಳ ಬಂದಾವಂತ. ಕಣ್ಣ ತೆಗೀವಲ್ಲಳಂತ. ಗುಲಬರ್ಗಾಕ ಒಯ್ಯಬೇಕು, ಜಲ್ದಿ ಬರ್ರಿ ಅಂತ ಬರಸ್ಯಾಳ."

ಬೀಬಿಜಾನ ಅವನ ಒಬ್ಬಳೇ ಮಗಳು, ಐದು ವರ್ಷದವಳು. ಮೌಲಾಲಿ ಒಂದು ಸುತ್ತು ಹಾಕಿದ. ಕಾಲುಗಳು ತಾವಾಗಿ ತಿರುಗುತ್ತಿದ್ದವು. ಎಂದೂ ಇಲ್ಲದ ಹಗುರು ಮೈಯಲ್ಲಿತ್ತು.

"ಇನ್ನೆರಡ ದಿನ ಅಷ್ಟ ಉಳಿದಾವಲ್ಲೋ," ಅಂದ.

"ಇಳಿ ಲೇ. ಜನಕ್ಕ ನಾ ಹೇಳ್ತೇನಿ. ಯಾರೂ ಏನೂ ಅನ್ನಂಗಿಲ್ಲ."

"ಹುಡುಗರಿಗಿ ಜ್ವರ ಬರತಾವ, ಹೋಗತಾವ. ಎರಡ ದಿನ. ನೀ ರಿಕಾರ್ಡ ಹಚ್ಚು."

ಮಲ್ಕಪ್ಪ ಇನ್ನೂ ನಾಲ್ಕು ಸುತ್ತು ಅವನ ಜೊತೆಗೇ ನಡೆದ. ಆಮೇಲೆ ಚೀಟಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಹೋಗಿ ಹಾಡಿನ ರಿಕಾರ್ಡು ಹಚ್ಚಿದ.

ಆರನೆಯ ದಿನ ಇಳಿಹೊತ್ತಿನಲ್ಲಿ ಶಮಶಾದಳ ಅಣ್ಣ ಜಹೀರುದ್ದೀನ ಬಯಲಿಗೆ ಬಂದ. ಜನರನ್ನು ಸರಿಸಿ ಒಳಗೆ ನುಗ್ಗಿ ಹ್ಯಾಂಡಲ್ಲು ಹಿಡಿದ. ಸೈಕಲ್ಲು ನಿಂತಿತು.

"ಕೂಸು ಹೋತು," ಅಂದ. "ಗುಲಬರ್ಗಾಕ ಒಯ್ಯೂ ಬಸ್ಸಿನ್ಯಾಗ, ಅವರವ್ವನ ತೊಡಿ ಮ್ಯಾಲ."

ಮೌಲಾಲಿ ಇಳಿಯಲು ಹೋಗಿ ಬಿದ್ದ. ಆರು ದಿನ ನೆಲ ಮುಟ್ಟದ ಕಾಲು ನಿಲ್ಲಲಿಲ್ಲ. ಯಾರೋ ತಲೆಯ ಮೇಲೆ ನೀರು ಹೊಯ್ದರು. ಅವನು ಕಣ್ಣು ಮುಚ್ಚಿಕೊಂಡೇ ಮಲಗಿದ್ದ, ಆದರೆ ಕಿವಿಗೆ ಎಲ್ಲವೂ ಬೀಳುತ್ತಿತ್ತು.

"ಚೀಟಿ ಕಳಿಸಿದ್ಲಲ್ಲ ನನ್ನ ತಂಗಿ, ಮುಟ್ಟಲಿಲ್ಲೇನು?" ಜಹೀರುದ್ದೀನ ಕೇಳುತ್ತಿದ್ದ. "ಮುಟ್ಟಿದ್ರ ಇಂವ ಹೆಂಗ ಬರಲಿಲ್ಲ?"

ಆಮೇಲೆ ಮಲ್ಕಪ್ಪನ ದನಿ ಕೇಳಿತು.

"ನನ್ನ ಕೈಯಾಗ ಬಂದಿತ್ರಿ. ನಾ ಹೇಳಲಿಲ್ಲ ಅವಗ."

ಹೊಡೆದ ಸಪ್ಪಳ ಕೇಳಿತು. ಮೌಲಾಲಿ ಕಣ್ಣು ತೆರೆಯಬಹುದಿತ್ತು. ತೆರೆಯಲಿಲ್ಲ.

ಮಣ್ಣು ಮಾಡಿ ಬಂದ ದಿನ ನಿಜ ಹೇಳೋಣ ಅಂದುಕೊಂಡ. ಶಮಶಾದಳ ಮುಖ ನೋಡಿ ಹೊರಗೆ ನಡೆದುಬಿಟ್ಟ. ನಲವತ್ತನೆಯ ದಿನ ಕಳೆಯಲಿ ಅಂದುಕೊಂಡ. ಅದೂ ಕಳೆಯಿತು. ಅಷ್ಟರಲ್ಲಿ ಆಳಂದದ ಸಂತೆಯಲ್ಲಿ ಮಲ್ಕಪ್ಪ ಎದುರಾದಾಗ ಶಮಶಾದ ಅವನ ಅಂಗಿ ಹಿಡಿದು ಎಳೆದಿದ್ದಳು. "ನನ್ನ ಕೂಸಿನ ಜೀವಾ ಕಿಸೇದಾಗ ಇಟಗೊಂಡಾವ ನೀ," ಎಂದು ನೂರು ಜನರೆದುರು ಶಾಪ ಹಾಕಿದ್ದಳು. ಮಲ್ಕಪ್ಪ ತಲೆ ತಗ್ಗಿಸಿ ನಿಂತಿದ್ದನಂತೆ. ಆ ಮಾತು ಊರೂರು ತಿರುಗಿತು. ಚೀಟಿ ಮುಚ್ಚಿಟ್ಟವನು ಎಂದು ಮದುವೆಯವರು ಅವನನ್ನು ಕರೆಯುವುದನ್ನೇ ಬಿಟ್ಟರು. ಅವನು ಮೈಕು ಮಾರಿ, ಹಿರೋಳ್ಳಿಗೆ ಹೋಗಿ ಹೊಲ ನೋಡಿಕೊಂಡು ಉಳಿದ. ಮೌಲಾಲಿ ಬಳೆ ಮಾರಲು ಎಲ್ಲ ಹಳ್ಳಿಗೂ ಹೋಗುತ್ತಿದ್ದ, ಹಿರೋಳ್ಳಿಯೊಂದನ್ನು ಬಿಟ್ಟು.

ಮೌಲಾಲಿ ಮತ್ತೆ ಕಂಬ ಸುತ್ತಲಿಲ್ಲ. ಆದರೆ ಸೈಕಲ್ಲು ಬಿಡಲಿಲ್ಲ. ಬಿಡುವಾದಾಗ ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಗುಲಬರ್ಗಾ ಹಾದು ತಿರುಗಿ ಊರು, ಹೀಗೆ ಸೂರ್ಯ ಹುಟ್ಟುವ ಮೊದಲು ಹೊರಟು ಕತ್ತಲಾಗುವಷ್ಟರಲ್ಲಿ ಮುಟ್ಟುತ್ತಿದ್ದ. ದಾರಿಯ ಮೇಲಿನ ಗೊಬ್ಬೂರದಲ್ಲಿ ಚಹಾ ಕುಡಿಯುವವರು ಅವನು ಹಾದುಹೋಗುವುದನ್ನು ನೋಡಿ, "ಪಾಪ, ಮಗಳ ದುಃಖ ತುಳದು ತುಳದು ತೀರಸ್ತಾನ," ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ನಿಜವೆಂದರೆ ಹತ್ತು ಮೈಲು ದಾಟಿದ ಮೇಲೆ ಅವನಿಗೆ ಮಗಳು ನೆನಪಾಗುತ್ತಲೇ ಇರಲಿಲ್ಲ. ಗಾಳಿ, ಎರೆ ಹೊಲ, ಭೀಮಾ ನದಿಯ ಸೇತುವೆ, ಏರಿನಲ್ಲಿ ತೊಡೆ ಹಿಡಿಯುವ ನೋವು, ಎಲ್ಲವೂ ಸುಖವಾಗಿರುತ್ತಿತ್ತು. ಮನೆಯ ಬಾಗಿಲಲ್ಲಿ ಇಳಿದಾಗ ಮಾತ್ರ ಆ ಸುಖಕ್ಕೆ ನಾಚಿಕೆಯಾಗುತ್ತಿತ್ತು.

ಹನ್ನೆರಡು ವರ್ಷ ಹೀಗೇ ಹೋದವು. ತೊಂಬತ್ತೊಂದರ ಆಗಸ್ಟ್ ಹದಿನೈದಕ್ಕೆ ತರುಣರ ಸಂಘವೊಂದು ಅವನನ್ನು ಆಳಂದಕ್ಕೆ ಕರೆದು ಸನ್ಮಾನ ಮಾಡಿತು. ಶಾಲು ಹೊದಿಸಿ ಕುರ್ಚಿಯ ಮೇಲೆ ಕೂಡಿಸಿದರು. ದೌಲತರಾಯ ಎಂಬ ವ್ಯಾಪಾರಿ ಭಾಷಣ ಮಾಡಿದರು. "ಗೆಳೆಯನೆಂದು ನಂಬಿದ ಒಬ್ಬ ದ್ರೋಹಿ ಚೀಟಿ ಮುಚ್ಚಿಟ್ಟ ಕಾರಣ ಈ ಮನುಷ್ಯ ಮಗಳ ಮುಖ ಕಾಣಲಿಲ್ಲ. ಆದರೂ ಯಾರನ್ನೂ ದೂರಲಿಲ್ಲ. ಇದು ದೊಡ್ಡ ಗುಣ." ಜನ ಚಪ್ಪಾಳೆ ತಟ್ಟಿದರು. ಮೌಲಾಲಿ ಎದ್ದು ಕೈ ಮುಗಿದ. ಕೈ ಮುಗಿದದ್ದೇ ಅವನಿಗೆ ತಡೆಯದಾಯಿತು. ಇಷ್ಟು ದಿನ ಸುಮ್ಮನಿದ್ದ, ಈಗ ಆ ಸುಳ್ಳಿಗೆ ಎದ್ದು ನಿಂತು ಧನ್ಯವಾದ ಹೇಳಿದಂತಾಗಿತ್ತು.

ಮನೆಗೆ ಬಂದಾಗ ಶಮಶಾದ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವನು ಶಾಲು ಬಿಚ್ಚಿಟ್ಟು, ಎದುರಿಗೆ ಕೂತು, ಎಲ್ಲವನ್ನೂ ಹೇಳಿದ.

ಅವಳ ಕೈ ಮೊರದ ಮೇಲೆ ನಿಂತಿತು. "ಅಂವ ಚೀಟಿ ಪೂರಾ ಓದಿ ಹೇಳಿದ್ನೇನು?"

"ಹೇಳಿದ."

"ನೀ ಏನಂದಿ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ನೀ ಅಂದಿದ್ದು ಅದೇ ಮೊದಲು.

"ಇನ್ನೆರಡ ದಿನ ಅಂದೆ."

"ನೀ ಬರತಿ ಅಂತ ನಾ ಒಂದಿನ ಕಾಯಕೋತ ಕುಂತೆ," ಅಂದಳು ಅವಳು. "ಬಸ್ಸ ಬಂದಾಗೊಮ್ಮಿ ಬಾಗಲಕ್ಕ ಬಂದು ನೋಡ್ತಿದ್ನಿ. ಬರೂದಿಲ್ಲ ಅಂತ ಒಂದ ಮಾತ ಕಳಿಸಿದ್ರ ಅವತ್ತೇ ನಾನ ಎತ್ತಿಕೊಂಡು ಹೋಗ್ತಿದ್ನಿ."

ಅವನು ಅದನ್ನು ಎಂದೂ ಯೋಚಿಸಿರಲಿಲ್ಲ. ತಾನು ಹೋಗಲಿಲ್ಲ ಎಂಬುದಷ್ಟೇ ಅವನ ಲೆಕ್ಕದಲ್ಲಿತ್ತು. ಅವಳು ಕಾದಳು ಎಂಬುದು ಇರಲಿಲ್ಲ.

ಅವಳು ಅಳಲಿಲ್ಲ. ಮೊರ ಬದಿಗಿಟ್ಟು, "ಸಂತ್ಯಾಗ ಆ ಮನಿಷ್ಯಾಗ ನಾ ಏನೇನ ಅಂದೆ," ಎಂದು ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅವಳೊಬ್ಬಳೇ ಹಿರೋಳ್ಳಿಗೆ ಹೊರಟು ಬಸ್ಸು ಹತ್ತಿದಳು. ಅವನು ಸೈಕಲ್ಲಿನ ಮೇಲೆ ಹಿಂದೆ ಹೋದ. ಆಳಂದದಲ್ಲಿ ಬಸ್ಸು ಬದಲಿಸಿ ಅವಳು ಬರುವಷ್ಟರಲ್ಲಿ ಅವನೇ ಮೊದಲು ಮುಟ್ಟಿದ. ಆದರೆ ಊರೊಳಗೆ ಕಾಲಿಡುವ ಧೈರ್ಯವಾಗದೆ ಬಸ್ಸು ನಿಲ್ಲುವಲ್ಲೇ ನಿಂತಿದ್ದ. ಅವಳು ಇಳಿದು, ಅವನ ಕಡೆ ನೋಡದೆ ಮುಂದೆ ನಡೆದಳು. ಅವನು ಸೈಕಲ್ಲು ತಳ್ಳಿಕೊಂಡು ಹಿಂದೆ ಹೋದ.

ಮಲ್ಕಪ್ಪ ಅಂಗಳದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ. ಕೂದಲು ಬೆಳ್ಳಗಾಗಿತ್ತು. ಶಮಶಾದ ಹೋಗಿ ಸೆರಗು ಒಡ್ಡಿ, "ಯಣ್ಣಾ, ನನಗ ಗೊತ್ತಿರಲಿಲ್ಲೋ," ಎಂದು ಆ ಒದ್ದೆ ನೆಲದಲ್ಲೇ ಕೂತುಬಿಟ್ಟಳು. ತಪ್ಪು ಮಾಡಿದವನು ಬಾಗಿಲ ಹತ್ತಿರ ಸೈಕಲ್ ಹಿಡಿದು ನಿಂತಿದ್ದ. ತಪ್ಪು ಮಾಡದವಳು ಸೆರಗು ಒಡ್ಡಿದ್ದಳು.

"ಏಳು ತಂಗಿ, ಏಳು," ಎಂದು ಮಲ್ಕಪ್ಪ ಅವಳನ್ನು ಎಬ್ಬಿಸಿದ.

ಅವನ ಹೆಂಡತಿ ಗುರಮ್ಮ ಚಹಾ ತಂದಳು. ಎರಡೇ ಕಪ್ಪು. ಒಂದು ಶಮಶಾದಳಿಗೆ, ಒಂದು ಗಂಡನಿಗೆ. ಮಲ್ಕಪ್ಪ ಬಾಗಿಲ ತನಕ ಹೋಗಿ ತನ್ನ ಕಪ್ಪನ್ನು ಮೌಲಾಲಿಯ ಕಡೆ ಚಾಚಿದ. ಮೌಲಾಲಿ ಮುಟ್ಟಲಿಲ್ಲ.

"ಯಾಕ ಹಂಗ ಹೇಳಿದ್ಯೋ ಅವತ್ತು?" ಎಂದು ಕೇಳಿದ.

"ನೀ ಮಣ್ಣಾಗ ಬಿದ್ದಿದ್ದಿ. ಜಹೀರುದ್ದೀನ ನಿನ್ನ ಕೊಂದೇ ಬಿಡತಿದ್ದ. ಬಾಯಿಗಿ ಬಂದದ್ದು ಹೇಳಿದೆ," ಅಂದ ಮಲ್ಕಪ್ಪ. "ನಾಳಿ ನೀನ ಖರೇ ಹೇಳ್ತಿ ಅಂತ ತಿಳದಿದ್ದೆ. ಒಂದ ವರ್ಷ ದಾರಿ ನೋಡಿದೆ. ಆಮ್ಯಾಲ ಬಿಟ್ಟೆ." ಸ್ವಲ್ಪ ತಡೆದು, "ನಾನೂ ನಿನ್ನ ಜಗ್ಗಿ ಇಳಸಬೇಕಿತ್ತು. ರಿಕಾರ್ಡ ಹಚ್ಚಿದೆ," ಅಂದ.

"ಅವನ ತಪ್ಪ ನಿಮ್ಮ ಮ್ಯಾಲ ಯಾಕ ಹೇರ್ಕೋತೀರಿ ನೀವು?" ಗುರಮ್ಮ ಗಂಡನಿಗೆ ಅಂದಳು.

ಆ ವಾರವೇ ಮೌಲಾಲಿ ಆಳಂದಕ್ಕೆ ಹೋಗಿ ದೌಲತರಾಯರ ಅಂಗಡಿಯಲ್ಲಿ, ನಾಲ್ಕು ಜನರೆದುರು, ಇದ್ದದ್ದನ್ನು ಇದ್ದಂತೆ ಹೇಳಿದ. "ಆಗಿ ಹೋದದ್ದು ಈಗ್ಯಾಕ ಕೆದರತಿ ಮೌಲಾಲಿ," ಎಂದು ಅವರು ಮುಖ ತಿರುವಿದರು. ಕೆಲವರು ನಂಬಲಿಲ್ಲ, ಗೆಳೆಯನನ್ನು ಉಳಿಸಲು ಹೇಳುತ್ತಿದ್ದಾನೆ ಅಂದರು. ಕೆಲವು ಹೆಂಗಸರು ಅವನ ಕೈಯಿಂದ ಬಳೆ ಇಡಿಸಿಕೊಳ್ಳುವುದನ್ನು ಬಿಟ್ಟರು. ಅವನಿಗೆ ಅವರೇ ಸರಿ ಅನಿಸಿತು.

ಶಮಶಾದ ಮನೆ ಬಿಟ್ಟು ಹೋಗಲಿಲ್ಲ. ಹೊತ್ತಿಗೆ ರೊಟ್ಟಿ ಹಾಕುತ್ತಿದ್ದಳು. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹಿರೋಳ್ಳಿಗೆ, ತವರಿಗೆ ಹೋದಂತೆ ಹೋಗಿ ಬರುತ್ತಿದ್ದಳು. ಮೌಲಾಲಿಯನ್ನು ಬಾ ಎಂದು ಯಾರೂ ಕರೆಯಲಿಲ್ಲ.

ಅವನು ಆಗಲೂ ಸೈಕಲ್ಲು ಬಿಡಲಿಲ್ಲ. ಎರಡು ಸಲ ಮಾರಲು ಹೋಗಿ ತಿರುಗಿ ತಂದ. ತೊಂಬತ್ತಾರರಲ್ಲಿ, ವಯಸ್ಸು ಐವತ್ತು ಸಮೀಪಿಸಿದಾಗಲೂ, ತಿಂಗಳಿಗೊಮ್ಮೆ ಆ ದೊಡ್ಡ ಸುತ್ತು ಹಾಕುತ್ತಿದ್ದ. ಅಫಜಲಪುರದಲ್ಲಿ ಗಾಳಿ ತುಂಬಿಸುತ್ತಿದ್ದಾಗ ಒಬ್ಬ ಮಾಸ್ತರರು, "ಮಗಳ ಸಲುವಾಗಿ ತುಳೀತೀರೇನ್ರಿ?" ಎಂದು ಮರುಕದಿಂದ ಕೇಳಿದರು.

"ಅಲ್ರಿ," ಅಂದ ಮೌಲಾಲಿ, ಅವರ ಮುಖ ನೋಡಲಾಗದೆ. "ನನಗ ಇದರಾಗ ಖುಷಿ ಅದರಿ. ಆಗೂ ಇತ್ತು. ಅದಕ್ಕ ಇಳೀಲಿಲ್ಲ ನಾ."