ಬ್ಯಾಂಡೇಜಕ್ಕನ ಐದು ಕಳ್ಳಿ ತುಂಡು

ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದ ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಜನರ ಗಾಯ ತೊಳೆದು ಬ್ಯಾಂಡೇಜು ಕಟ್ಟುತ್ತಿರುವ ನರ್ಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬಂದಿಲ್ಲ. ರೋಗಿಗಳಿಗೆ, ಡಾಕ್ಟರುಗಳಿಗೆ, ಸಿಟ್ಟು ಬಂದಾಗ ಸ್ವಂತ ಅತ್ತೆಗೂ ಆಕೆ ಬ್ಯಾಂಡೇಜಕ್ಕ.

ಆಕೆಯ ಕೈ ಹಗುರ. ಅಳುತ್ತಾ ಬಂದವರು ಮಾತಾಡಿಕೊಂಡು ಹೋಗುತ್ತಾರೆ. ಬಾಯಿ ಮಾತ್ರ ಅಷ್ಟು ಹಗುರವಲ್ಲ. "ಕಟ್ಟಿದ್ದನ್ನ ಬಿಚ್ಚಿ ಯಾಕೆ ನೋಡಿದ್ರಿ? ಒಳಗೆ ಸಿನಿಮಾ ಓಡ್ತಿತ್ತಾ?" ಎಂದು ಕೇಳಿದರೆ ಎಂಥ ದೊಡ್ಡ ಮನುಷ್ಯನೂ ತೆಪ್ಪಗಾಗುತ್ತಾನೆ.

ಹಾಗೆ ತೆಪ್ಪಗಾದವರಲ್ಲಿ ಸಾರ್ವಜನಿಕ ಉದ್ಯಾನದ ಗಾಜಿನಮನೆಯ ಮೇಲ್ವಿಚಾರಕರೂ ಒಬ್ಬರು. ಸಕ್ಕರೆ ಕಾಯಿಲೆ, ಪಾದದಲ್ಲಿ ವಾಸಿಯಾಗದ ಹುಣ್ಣು. ವಾರಕ್ಕೆ ಎರಡು ಸಲ ಬರುತ್ತಿದ್ದರು. ಕತ್ತರಿಸಲೇಬೇಕು ಎಂದು ಡಾಕ್ಟರು ಹೇಳಿದ್ದ ಕಾಲನ್ನು ಬ್ಯಾಂಡೇಜಕ್ಕ ಹಟ ಹಿಡಿದು ಉಳಿಸಿಕೊಟ್ಟಿದ್ದಳು. ಒಂದು ಸೋಮವಾರ ಅವರು ಸಪ್ಪೆ ಮುಖ ಹೊತ್ತು, ಕಂಕುಳಲ್ಲಿ ಒಂದು ಚಪ್ಪಲಿ ಡಬ್ಬ ಇಟ್ಟುಕೊಂಡು ಬಂದರು. ಒಳಗೆ ಪೇಪರಿನಲ್ಲಿ ಸುತ್ತಿದ ಐದು ತುಂಡುಗಳು. ಬೂದು ಬಣ್ಣ, ಮೈತುಂಬ ಬಿಳಿ ಮುಳ್ಳು, ಒಂದೊಂದೂ ಎಳೆ ಸೌತೆಕಾಯಿಯಷ್ಟು.

"ಸಿಸ್ಟರ್, ಇದು ಮರುಭೂಮಿ ಕಳ್ಳಿ. ನಮ್ಮಲ್ಲಿ ಇದ್ದದ್ದೇ ಒಂದು. ನನ್ನ ಗುರುಗಳು ನನ್ನ ಕೈಗೆ ಒಪ್ಪಿಸಿದ್ದು. ಚಾವಣಿ ಸೋರಿ ಬುಡ ಕೊಳೆತುಹೋಯ್ತು. ಉಳಿದದ್ದು ಇಷ್ಟೇ."

ಆರು ತಿಂಗಳಿಗೆ ಅವರ ನಿವೃತ್ತಿ. ಆ ದಿನ ಗಾಜಿನಮನೆಯ ಮುನ್ನೂರ ಹನ್ನೆರಡು ಗಿಡಗಳ ಪಟ್ಟಿಯಲ್ಲಿ ಒಂದೊಂದರ ಮುಂದೆಯೂ 'ಇದೆ' ಎಂದು ಬರೆದು ಮುಂದಿನವರಿಗೆ ಒಪ್ಪಿಸಬೇಕು. ಮೂವತ್ತಾರು ವರ್ಷದಲ್ಲಿ ಅವರು ಒಂದು ಗಿಡದ ಮುಂದೂ 'ಇಲ್ಲ' ಎಂದು ಬರೆದವರಲ್ಲ. ಗುರುಗಳ ಗಿಡದ ಮುಂದೆಯೇ ಅದನ್ನು ಬರೆದು ಮನೆಗೆ ಹೋಗಲು ಅವರಿಗೆ ಮನಸ್ಸು ಒಪ್ಪುತ್ತಿರಲಿಲ್ಲ.

"ಅಯ್ಯೋ, ನನಗ್ಯಾಕೆ ಕೊಡ್ತೀರಿ ಯಜಮಾನ್ರೇ? ನಮ್ಮನೇಲಿ ಕೊತ್ತಂಬರಿ ಕೂಡ ಮೇಲೇಳಲ್ಲ."

"ಗಾಜಿನಮನೆ ಒದ್ದೆ, ನನ್ನ ಮನೆ ಕತ್ತಲೆ. ಈ ಕಾಲು ಉಳಿಸಿದ ಕೈ ಇದನ್ನೂ ಉಳಿಸುತ್ತೆ. ಕೊಯ್ದ ಜಾಗ ಮೊದಲು ಚೆನ್ನಾಗಿ ಒಣಗ್ಲಿ, ಆಮೇಲೆ ಮರಳಲ್ಲಿ ನೆಡಿ. ಅಷ್ಟೇ."

ಗಾಯ ಒಣಗಿಸುವುದನ್ನು ಬ್ಯಾಂಡೇಜಕ್ಕನಿಗೆ ಬೇರೆಯವರು ಹೇಳಿಕೊಡಬೇಕೇ? ಮನೆಗೆ ಹೋದವಳೇ ಕೈ ತೊಳೆದು, ಐದೂ ತುಂಡುಗಳಿಗೆ ಮುಲಾಮು ಹಚ್ಚಿ, ಮೇಲೆ ಬ್ಯಾಂಡೇಜು ಬಟ್ಟೆ ಸುತ್ತಿ, ಟೇಪು ಅಂಟಿಸಿ ಸಾಲಾಗಿ ಮಲಗಿಸಿದಳು. ಮುಳ್ಳು ಚುಚ್ಚಿದ ತನ್ನ ಬೆರಳುಗಳಿಗೂ ನಾಲ್ಕು ಬ್ಯಾಂಡೇಜು ಬಿತ್ತು. ಗಂಡ ಊಟಕ್ಕೆ ಬಂದವನು ಬಗ್ಗಿ ನೋಡಿದ.

"ಏನೇ ಇದು? ಐದು ಜನ ಒಟ್ಟಿಗೆ ಬೈಕಿಂದ ಬಿದ್ದ ಹಾಗಿದೆ!"

ಎಂಟನೆಯ ದಿನ ವಾಸನೆ ಹೊಡೆಯಿತು. ಬಿಚ್ಚಿ ನೋಡಿದರೆ ಎರಡು ತುಂಡು ಕೊಳೆತು ನೀರಾಗಿದ್ದವು, ಉಳಿದ ಮೂರರ ಅಂಚು ಕಂದುಗಟ್ಟಿತ್ತು. ಅಂದು ಬ್ಯಾಂಡೇಜಕ್ಕ ಅನ್ನದ ತಟ್ಟೆ ಮುಟ್ಟಲಿಲ್ಲ. ಮಾರನೆಯ ದಿನ ಡಬ್ಬವನ್ನು ಮೇಲ್ವಿಚಾರಕರ ಮುಂದಿಟ್ಟು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯೆದುರು ತಾನೇ ತಲೆ ತಗ್ಗಿಸಿ ನಿಂತಳು.

ಅವರು ಒಂದು ಬ್ಲೇಡು ಕೇಳಿ ಇಸಿದುಕೊಂಡು, ಸ್ಪಿರಿಟ್ಟಿನಲ್ಲಿ ಒರೆಸಿ, ಮೂರು ತುಂಡುಗಳ ಕಂದು ಭಾಗವನ್ನು ಹಸಿರು ಕಾಣುವವರೆಗೆ ತೆಳ್ಳಗೆ ಕೊಯ್ದರು.

"ಮನುಷ್ಯರ ಗಾಯ ಮುಚ್ಚಬೇಕು ಸಿಸ್ಟರ್, ಇದರ ಗಾಯ ಗಾಳಿಗೆ ಬಿಡ್ಬೇಕು. ತಪ್ಪು ನಂದೇ. ಡ್ರೆಸ್ಸಿಂಗ್ ಸಿಸ್ಟರ್‌ಗೆ ಬಿಡಿಸಿ ಹೇಳ್ಬೇಕಿತ್ತು" ಎಂದರು. ಅವರು ಬೈದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ವಾರ ಬೀರುವಿನ ಮೇಲೆ ಬರಿಮೈಯಲ್ಲಿ ಮಲಗಿದ ತುಂಡುಗಳ ಗಾಯ ಗಟ್ಟಿಯಾಗಿ ತೊಗಲು ಕಟ್ಟಿತು. ಮರಳು, ಸಣ್ಣ ಜಲ್ಲಿ ಬೆರೆಸಿ ಮೂರು ಪುಟ್ಟ ಕುಂಡಗಳಲ್ಲಿ ನೆಟ್ಟಾಯಿತು. ಈಗ ಎಲ್ಲವನ್ನೂ ಒಂದೇ ಕಡೆ ಇಡಲು ಆಕೆಗೆ ಧೈರ್ಯವಿರಲಿಲ್ಲ. ಯಾವ ಜಾಗ ಇವಕ್ಕೆ ಒಗ್ಗುತ್ತದೋ ಬಲ್ಲವರಾರು? ಒಂದನ್ನು ತಾರಸಿಯ ಬಿಸಿಲಿಗೆ ಇಟ್ಟಳು, ಒಂದನ್ನು ಅತ್ತೆಯ ಕೋಣೆಯ ಕಿಟಕಿಗೆ. ಮೂರನೆಯದನ್ನು ಎಲ್ಲಿಡುವುದೆಂದು ತೋಚದೆ ನಿಂತಾಗ ಗಂಡ, ಬೇಡವಾದ ನೆಂಟನನ್ನು ಕರೆಯುವವನಂತೆ, "ನನ್ನ ಹತ್ರ ಇರ್ಲಿ ಕೊಡು" ಎಂದ.

ಅವನು ಅವರಿದ್ದ ಎಂಟು ಮಹಡಿಯ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ಸಂಸಾರ ನೆಲಮಹಡಿಯಲ್ಲಿ, ಅವನ ರಾಜ್ಯ ತುತ್ತತುದಿಯ ಮೋಟಾರ್ ಕೋಣೆಯಲ್ಲಿ. ಅಲ್ಲಿ ಪೂರ್ವಕ್ಕೊಂದು ಗಾಜಿನ ಕಿಟಕಿ, ಅದರ ಕೆಳಗೆ ಮೋಟಾರಿನ ಬಿಸಿಗೆ ಸದಾ ಬೆಚ್ಚಗಿರುವ ಕಬ್ಬಿಣದ ಹಲಗೆ. ಕುಂಡ ಅದರ ಮೇಲೆ ಕೂತಿತು.

ಬ್ಯಾಂಡೇಜಕ್ಕ ಮೂರಕ್ಕೂ ಆಸ್ಪತ್ರೆಯ ಕೇಸ್ ಶೀಟು ತೆರೆದಳು. ದಿನ, ಬಿಸಿ, ಬಿಸಿಲು, ಮೈಬಣ್ಣ ಎಲ್ಲಕ್ಕೂ ಒಂದೊಂದು ಕಾಲಮ್ಮು. ನೀರಿನ ಕಾಲಮ್ಮಿನಲ್ಲಿ ಮಾತ್ರ ದಿನವೂ ಸೊನ್ನೆ.

"ಒಂದು ತೊಟ್ಟೂ ಕೊಡಲ್ವೇನೇ? ಜೈಲಲ್ಲೂ ನೀರು ಕೊಡ್ತಾರೆ ಕಣೇ!" ಎಂದು ಅತ್ತೆ ಮೂಗು ಮುರಿದರು.

"ಬೇರು ಬರೋತನಕ ಬಾಯಿಗೆ ಏನೂ ಇಲ್ಲ ಅತ್ತೆ. ಆಪರೇಷನ್ ಕೇಸು."

ತಾರಸಿಯ ಕಳ್ಳಿಯನ್ನು ನೆತ್ತಿಯ ಬಿಸಿಲು ಎರಡೇ ವಾರದಲ್ಲಿ ಸುಟ್ಟು ಸುಣ್ಣ ಮಾಡಿತು. ಮರುಭೂಮಿಯದಲ್ಲವೇ, ಬಿಸಿಲೇನು ಮಾಡೀತು ಎಂದುಕೊಂಡಿದ್ದಳು. ಬೇರಿಲ್ಲದ ತುಂಡಿಗೆ ಅಷ್ಟು ಬಿಸಿಲು ತಡೆಯಲಾಗದು ಎಂದು ಮೇಲ್ವಿಚಾರಕರು ಹೇಳುವ ಹೊತ್ತಿಗೆ ಅದು ಒಣಗಿ ಮುರುಟಿತ್ತು. ಕಿಟಕಿಯದು ಸುಮಾರು ಮೂರು ತಿಂಗಳು ಚೆನ್ನಾಗಿತ್ತು. ಒಂದು ಬೆಳಗ್ಗೆ ಮುಟ್ಟಿದರೆ ಬುಡ ಮೆತ್ತಗೆ. ಬ್ಯಾಂಡೇಜಕ್ಕ ಕೇಸ್ ಶೀಟು ಹಿಡಿದು ಮೇಲೆ ಕೆಳಗೆ ನೋಡಿದಳು, ಎಲ್ಲಾ ಸೊನ್ನೆಯೇ. ಹಿಂದಿನಿಂದ ಅತ್ತೆ ಮೂಗೊರೆಸಿಕೊಳ್ಳುವ ಸದ್ದು ಕೇಳಿತು.

"ಒಂದೇ ಒಂದು ಚಮಚ ಕಣಮ್ಮಾ ದಿನಾ. ನಾನು ನೀರು ಕುಡಿಯುವಾಗ ಅದು ನನ್ನನ್ನೇ ನೋಡ್ತಿತ್ತು."

ಬೈಯಲು ಬಾಯಿ ತೆರೆದವಳಿಗೆ ತನ್ನ ಮುಲಾಮು ನೆನಪಾಯಿತು. ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ಸವರಿದಳು. ಪ್ರೀತಿಯಿಂದ ಕೊಂದ ಲೆಕ್ಕದಲ್ಲಿ ಅವಳೇ ಮುಂದಿದ್ದಳು.

ಉಳಿದದ್ದು ಒಂದೇ. ನಿವೃತ್ತಿಗೆ ಎರಡು ತಿಂಗಳು ಬಾಕಿ. ಅಷ್ಟರಲ್ಲಿ ಚಳಿಗಾಲ ಕಾಲಿಟ್ಟಿತು, ಅದರ ಬೆನ್ನಿಗೇ ಕಟ್ಟಡದ ಸಂಘದ ನೋಟೀಸು ಬಂತು: ವಿದ್ಯುತ್ ಉಳಿಸಲು ಹನ್ನೊಂದರಿಂದ ನಾಲ್ಕರವರೆಗೆ ಲಿಫ್ಟು ಅರವತ್ತು ದಾಟಿದವರಿಗೆ ಮಾತ್ರ. ಗಂಡ ಬಾಲ ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಓಡಾಡಿದ. ಮುಳ್ಳಿನ ಕಡ್ಡಿ ಎಂದು ಹಂಗಿಸುತ್ತಿದ್ದವನು ಈ ಮೂರು ತಿಂಗಳಲ್ಲಿ ದಿನಕ್ಕೆ ಆರು ಸಲ ಗ್ರೀಸಿನ ನೆಪ ಹೇಳಿ ಮೇಲೆ ಹೋಗುತ್ತಿದ್ದುದು ಆಗಲೇ ಗೊತ್ತಾದದ್ದು.

"ಓಡದಿದ್ರೆ ಮೋಟಾರು ತಣ್ಣಗಾಗುತ್ತೆ. ಬುಡಕ್ಕೆ ಬಿಸಿ ಇಲ್ದಿದ್ರೆ ಇದಕ್ಕೆ ಬೇರು ಎಲ್ಲಿಂದ ಬರ್ಬೇಕು?"

ಅತ್ತೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನನಗೆ ಎಪ್ಪತ್ನಾಲ್ಕು. ನಡಿ."

ನಿಂತ ನೆಲವೇ ಮೇಲೇಳುವ ಯಂತ್ರದ ಸಹವಾಸ ಬೇಡವೆಂದು ಹನ್ನೊಂದು ವರ್ಷದಿಂದ ಲಿಫ್ಟಿನೊಳಗೆ ಕಾಲಿಡದ ಮುದುಕಿ! ಮೊದಲ ದಿನ ಕಣ್ಣು ಮುಚ್ಚಿ, ಮಗನ ತೋಳು ಹಿಡಿದು ಎಂಟು ಮಹಡಿ ಏರಿದರು. ಎರಡನೆಯ ದಿನ ಒಂದು ಸ್ಟೂಲು ಬಂತು. ಮೂರನೆಯ ದಿನ ಬಿಡಿಸಲು ಬೆಳ್ಳುಳ್ಳಿ. ವಾರ ಕಳೆಯುವಷ್ಟರಲ್ಲಿ ಐದನೇ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ತರು, ಏಳನೆಯದರ ಅಜ್ಜಿಯರಿಬ್ಬರು ತಂತಮ್ಮ ಸ್ಟೂಲುಗಳೊಂದಿಗೆ ಸೇರಿಕೊಂಡರು. ನಾಲ್ಕು ಜನ ಹರಟುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ ಮಧ್ಯಾಹ್ನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ. ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತು ತಕರಾರು ತೆಗೆದರೆ ಅತ್ತೆ, "ನಿಮ್ಮ ನೋಟೀಸಲ್ಲಿ ಎಷ್ಟು ಸಲ ಅಂತ ಬರೆದಿದೀರಾ?" ಎಂದು ಕೇಳಿ ಎಂಟನೇ ಗುಂಡಿ ಒತ್ತಿಬಿಟ್ಟರು. ಪಾಪ, ಅವರು ಮೆಟ್ಟಿಲು ಹತ್ತಿ ಹೋದರು.

ಕೊನೆಗೂ ನಿವೃತ್ತಿಯ ದಿನ ಬಂತು. ಮೇಲ್ವಿಚಾರಕರು ಬೆಳಗ್ಗೆ ಎಂಟಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಟ್ಟಿ ಹಿಡಿದು ಬಂದರು. ಮೋಟಾರ್ ಕೋಣೆಯಲ್ಲಿ ಅವರು, ಬ್ಯಾಂಡೇಜಕ್ಕ, ಗಂಡ, ಅತ್ತೆ ನಾಲ್ವರೂ ಒತ್ತಿಕೊಂಡು ನಿಂತರು. ಕಳ್ಳಿ ನೋಡಿದರೆ ಮೊದಲಿನ ಹಾಗೇ, ಬೂದುಬೂದಾಗಿ, ಒಂದಿಷ್ಟೂ ಬೆಳೆಯದೆ ಕೂತಿತ್ತು. ಅವರ ಮುಖ ಬಾಡಿತು. ಕಿಸೆಯಿಂದ ಒಂದು ಕಾಗದ ತೆಗೆದು ಉದ್ದಕ್ಕೆ ಮಡಚಿ ಗಿಡದ ನಡುವಿಗೆ ಸುತ್ತಿದರು.

"ಮೆಲ್ಲಗೆ ಎಳೀತೀನಿ. ಬೇರಿಲ್ಲದಿದ್ರೆ ಕಿತ್ತು ಬರುತ್ತೆ."

"ಬೇಡ" ಎಂದರು ಅತ್ತೆ.

ಅವರು ಎಳೆದರು. ಗಿಡ ಮೇಲೆದ್ದಿತು. ಬ್ಯಾಂಡೇಜಕ್ಕ ಕಣ್ಣು ಮುಚ್ಚಿಕೊಂಡಳು. ಗಂಡ ಕೂಗಿದ್ದು ಕೇಳಿ ಕಣ್ಣು ಬಿಟ್ಟರೆ, ಗಿಡದ ಜೊತೆ ಕುಂಡವೂ ಗಾಳಿಯಲ್ಲಿ ತೂಗುತ್ತಿತ್ತು! ಮರಳು, ಜಲ್ಲಿ, ಕುಂಡ ಎಲ್ಲವನ್ನೂ ಆ ಗೇಣುದ್ದದ ಕಳ್ಳಿ ಬಿಗಿಯಾಗಿ ಹಿಡಿದುಕೊಂಡಿತ್ತು. ಕುಂಡದ ತಳದ ತೂತಿನಿಂದ ಹೊಸ ಬೇರೊಂದು ಬೆಳ್ಳಗೆ, ದಾರದಂತೆ ಹೊರಗೆ ಇಣುಕಿತ್ತು.

ಅತ್ತೆ ಮಗನನ್ನು ತಬ್ಬಿಕೊಂಡರು, ಅವನ ಗ್ರೀಸೆಲ್ಲ ಅವರ ಸೀರೆಗೆ ಮೆತ್ತಿತು. ಮೇಲ್ವಿಚಾರಕರು ಕುಂಡವನ್ನು ಎರಡೂ ಕೈಯಲ್ಲಿ ಕೆಳಗಿಟ್ಟು, ಪಟ್ಟಿಯಲ್ಲಿ ಖಾಲಿ ಉಳಿದಿದ್ದ ಒಂದೇ ಒಂದು ಸಾಲನ್ನು ತೋರಿಸಿ ಪೆನ್ನನ್ನು ಬ್ಯಾಂಡೇಜಕ್ಕನತ್ತ ಚಾಚಿದರು.

"ನೀವೇ ಬರೀರಿ ಸಿಸ್ಟರ್. ನನಗೆ ಅಕ್ಷರ ಕಾಣ್ತಿಲ್ಲ."

ಆಕೆಗೂ ಕಾಣುತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಗೋಡೆಗೆ ಪಟ್ಟಿ ಒತ್ತಿ ಹಿಡಿದು, ಒಂದನೇ ಕ್ಲಾಸಿನ ಮಗುವಿನ ಹಾಗೆ ದೊಡ್ಡದಾಗಿ, ಸೊಟ್ಟಸೊಟ್ಟಗೆ ಬರೆದಳು: ಇದೆ.