ಹಿಂದಿನ ಸೀಟು ಉದ್ದವಿದ್ದ ಕಾರು

ಡ್ರೈವರಣ್ಣನ ಬಲಗಾಲು ಎಂದೂ ಸುಮ್ಮನಿರುತ್ತಿರಲಿಲ್ಲ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರೂ, ಕೆಳಗೆ ಬೀದಿಯಲ್ಲಿ ಯಾವುದಾದರೂ ನಾಯಿ ಬೈಕಿಗೆ ಅಡ್ಡ ಓಡಿದರೆ ಸಾಕು, ಆ ಕಾಲು ನೆಲವನ್ನು ಒತ್ತಿಬಿಡುತ್ತಿತ್ತು. ಬೈಕು ನಿಂತ ಮೇಲೆಯೇ ಅದು ಸಡಿಲವಾಗುತ್ತಿದ್ದುದು. ಬಲಗಾಲಿನ ಚಪ್ಪಲಿ ಬೆರಳುಗಳ ಬುಡದಲ್ಲಿ ಸವೆದು, ತೂತು ಬಿದ್ದು, ನೆಲ ಕಾಣುತ್ತಿತ್ತು. "ಬೀದಿ ಪೂರ್ತಿ ನಿಮ್ಮ ಬ್ರೇಕಲ್ಲೇ ನಿಂತಿದೆ ಕಣಣ್ಣ" ಎಂದು ನಾನು ರೇಗಿಸುತ್ತಿದ್ದೆ.

ಹೊಸೂರಿನ ಡೆಂಕಣಿಕೋಟೆ ರಸ್ತೆಯ ಒಂದು ಓಣಿಯಲ್ಲಿ, ಮಹಡಿಯ ಮೇಲೆ, ನಮ್ಮ ಮನೆ ಬಾಗಿಲಿಗೆ ಎದುರಾಗಿ ಅವರ ಮನೆ ಬಾಗಿಲು. ನಾವು ಮಂಡ್ಯದ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಅವರದು ಹತ್ತಿರದ ಗುಮ್ಮಳಾಪುರ, ತಮಿಳುನಾಡಿಗೆ ಸೇರಿದರೂ ಕನ್ನಡದ ಊರು, ತಲೆತಲಾಂತರದಿಂದ ಇಲ್ಲಿಯವರೇ. ಒಂದು ಕಂಪನಿಯ ಕಾರು ಓಡಿಸುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಇದ್ದವಳು ಒಬ್ಬಳೇ ಮಗಳು.

ನನಗೆ ಕಾರು ಕಲಿಸಿದವರು ಅವರೇ. ನಾವು ಹಳೆಯ ಕಾರೊಂದನ್ನು ಕೊಂಡಾಗ ನನ್ನ ಗಂಡ ಪಕ್ಕದಲ್ಲಿ ಕೂತು ಕಲಿಸಲು ಹೊರಟಿದ್ದರು. ಅದು ಕಲಿಕೆಯಾಗದೆ ಜಗಳವಾಯಿತು. ಆಮೇಲೆ ಡ್ರೈವರಣ್ಣ ಬೆಳಗಿನ ಹೊತ್ತು ಕೆಲಮಂಗಲದ ರಸ್ತೆಗೆ ಕರೆದೊಯ್ದರು. ಬಹಳ ದಿನ ಅವರು ನನಗೆ ಕಲಿಸಿದ್ದು ಕಾರು ನಿಲ್ಲಿಸುವುದನ್ನು ಮಾತ್ರ. "ನಿಲ್ಸಕ್ ಬಂದ್ರೆ ಓಡ್ಸದು ತಾನಾಗೇ ಬತ್ತದೆ ಕಣಮ್ಮ" ಎನ್ನುತ್ತಿದ್ದರು. ನಾನು ಬಾಯಿ ಜೋರಿನವಳು, "ನಿಲ್ಸಕ್ಕೆ ಕಾರ್ಯಾಕೆ, ನಿಂತೇ ಇತ್ತಲ್ಲ" ಎಂದೆ. ಅವರು ನಗುತ್ತಾ ನನ್ನ ಕೈಯನ್ನು ಹಾರ್ನಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು.

ಅವರ ತಮಿಳಿನ ಕತೆಯೇ ಬೇರೆ. ತಮಿಳಿನಲ್ಲಿ ಗಾಡಿ ಓಡಿಸುವುದಕ್ಕೆ 'ಓಟ್ಟು' ಎನ್ನುತ್ತಾರೆ. ಗೋಂದು ಹಚ್ಚಿ ಅಂಟಿಸುವುದಕ್ಕೆ 'ಒಟ್ಟು'. ನಡುವೆ ಇರುವುದು ಒಂದು ದೀರ್ಘ ಅಷ್ಟೆ. ಆ ದೀರ್ಘ ಡ್ರೈವರಣ್ಣನ ಬಾಯಿಗೆ ಎಂದೂ ಹತ್ತಲಿಲ್ಲ. ಒಮ್ಮೆ ಕೃಷ್ಣಗಿರಿಯ ಹತ್ತಿರ ಪೊಲೀಸಿನವನು ತಡೆದು, "ವಂಡಿ ಯಾರ್ ಓಟ್ಟಿನದು?", ಗಾಡಿ ಓಡಿಸಿದ್ದು ಯಾರು ಎಂದು ಕೇಳಿದನಂತೆ. ಇವರು ಎದೆಯುಬ್ಬಿಸಿ, "ನಾನ್‌ದಾ ಒಟ್ನೇನ್ ಸಾರ್" ಎಂದರಂತೆ. ಗಾಡಿಯನ್ನು ನಾನೇ ಅಂಟಿಸಿದೆ ಸಾರ್! ಪೊಲೀಸಿನವನು ಕೇಸು ಮರೆತು, ಯಾವ ಗೋಡೆಗಪ್ಪಾ ಅಂಟಿಸಿದೆ ಎಂದು ಕೇಳಿ ಬಿಟ್ಟು ಕಳಿಸಿದ. ಕಂಪನಿಯ ಉಳಿದ ಡ್ರೈವರುಗಳು ಅವರಿಗೆ 'ಒಟ್ಟು ಡ್ರೈವರ್' ಎಂದೇ ಹೆಸರಿಟ್ಟರು. ಮಗಳ ತಮಿಳು ಸ್ವಚ್ಛವಾಗಿತ್ತು. "ಅಪ್ಪಾ, ಓ... ಅಂತ ಎಳಿ, ಉದ್ದಕ್ಕೆ ಎಳಿ" ಎಂದು ಅವಳು ಹೇಳಿಕೊಡುತ್ತಿದ್ದಳು. ಅಪ್ಪ ಓ ಎಂದು ಎಳೆದು, ಉಸಿರು ತೆಗೆದುಕೊಂಡು, ಮತ್ತೆ 'ಒಟ್ಟು' ಎನ್ನುತ್ತಿದ್ದರು. ಅಕ್ಕ ಒಳಗಿನಿಂದ ಬಿದ್ದು ಬಿದ್ದು ನಗುತ್ತಿದ್ದರು. ಆ ಮನೆಯಲ್ಲಿ ಆಗ ಅಷ್ಟು ನಗು ಇತ್ತು.

ಮಗಳು ಕೃಷ್ಣಗಿರಿಯ ಕಡೆ ಇಂಜಿನಿಯರಿಂಗ್ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಹುಡುಗ ಹುಡುಗಿಯರು ಸೇರಿಕೊಂಡು, ರಿಮೋಟಿನಿಂದ ಹಾರಿಸುವ ಚಿಕ್ಕ ವಿಮಾನಗಳನ್ನು ಕಟ್ಟುತ್ತಿದ್ದರು. ಊರಿಗೆ ಬಂದಾಗ ಅವಳ ಮಾತೆಲ್ಲ ಅದೇ.

ಒಂದು ಸಂಜೆ ಅವಳು ಅಪ್ಪನಿಗೆ ಫೋನ್ ಮಾಡಿ, ಜ್ವರ ಬಂದಿದೆ, ಬಂದು ಕರೆದುಕೊಂಡು ಹೋಗು ಎಂದಳು. ಡ್ರೈವರಣ್ಣ ಆಗ ಕಂಪನಿಯ ಅತಿಥಿಯೊಬ್ಬರನ್ನು ಕರೆತರಲು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. "ಮಾತ್ರೆ ತಗೊಂಡ್ ಮಲಕ್ಕೊ ಮಗ, ಬೆಳಿಗ್ಗೆ ಬತ್ತೀನಿ" ಎಂದರು. ಬೆಳಿಗ್ಗೆ ಇವರು ಹೋಗುವ ಹೊತ್ತಿಗೆ ಗೆಳತಿಯರು ಅವಳನ್ನು ಆಸ್ಪತ್ರೆಗೆ ಸೇರಿಸಿದ್ದರು. ಡೆಂಗಿ. ನಾವೆಲ್ಲ ಓಡಾಡಿದೆವು, ರಕ್ತಕ್ಕಾಗಿ ಕಂಡಕಂಡವರನ್ನು ಕೇಳಿದೆವು. ಹುಡುಗಿ ಉಳಿಯಲಿಲ್ಲ.

ಗುಮ್ಮಳಾಪುರದ ಹೊಲದಲ್ಲಿ ಮಣ್ಣು ಮಾಡುವಾಗ ಅಕ್ಕ ಎಲ್ಲರ ಎದುರಿಗೆ ಗಂಡನನ್ನು ನೋಡಿ ಹೇಳಿದರು: "ಊರೋರ್ನೆಲ್ಲ ಕರ್ಕೊಂಡ್ ಬಂದೆ. ನನ್ ಮಗಳ್ನ ಮಾತ್ರ ಕರ್ಕೊಂಡ್ ಬರ್ಲಿಲ್ಲ ನೀನು." ಎಂದೂ ಗಂಡನನ್ನು ಏಕವಚನದಲ್ಲಿ ಕರೆದವರಲ್ಲ ಅವರು. ಆಮೇಲೆ ಆ ಮಾತನ್ನು ಮತ್ತೆ ಆಡಲಿಲ್ಲ, ಬೇರೆ ಮಾತನ್ನೂ ಆಡಲಿಲ್ಲ. ಅಡುಗೆ ಮಾಡುವರು, ತಟ್ಟೆ ಇಟ್ಟು ಲೋಟದಿಂದ ಒಮ್ಮೆ ನೆಲ ಕುಟ್ಟುವರು. ಊಟಕ್ಕೆ ಕರೆಯುವುದೆಂದರೆ ಅಷ್ಟೆ. ಎದುರು ಮನೆಯ ನನಗೆ ಆ ಸದ್ದು ದಿನವೂ ಕೇಳುತ್ತಿತ್ತು.

ಡ್ರೈವರಣ್ಣ ಕೆಲಸ ಬಿಟ್ಟರು. ಕಂಪನಿಯ ಕಾರಿನ ಕೀಲಿಯನ್ನು ಹಿಂದಕ್ಕೆ ಕೊಟ್ಟು ಬಂದರು. ಹಾಸ್ಟೆಲಿನಿಂದ ಬಂದ ಮಗಳ ಸಾಮಾನಿನಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು. ಅದರ ತುಂಬ ಅವಳು ಇನ್ನೂ ಜೋಡಿಸದೆ ಬಿಟ್ಟಿದ್ದ ವಿಮಾನದ ಭಾಗಗಳು. ಕೈಗೆ ಭಾರವೇ ತಿಳಿಯದ ಹಗುರ ಮರದ ಎರಡು ರೆಕ್ಕೆ, ಒಡಲು, ಬಾಲ, ಪುಟ್ಟ ಮೋಟಾರು, ಅದರ ಫ್ಯಾನು, ಬ್ಯಾಟರಿ, ರಿಮೋಟು, ಗಾಲಿಗಳು. ಅಲ್ಲಲ್ಲಿ ಅವಳು ಪೆನ್ಸಿಲಿನಿಂದ ಎಳೆದ ಗೆರೆಗಳು. ಒಂದು ದಿನ ಡ್ರೈವರಣ್ಣ ಆ ಪೆಟ್ಟಿಗೆಯನ್ನು ಬೀರುವಿನ ಮೇಲಿಂದ ಇಳಿಸಿದರು. ಅಕ್ಕ ಬಹಳ ದಿನದ ಮೇಲೆ ಬಾಯಿ ಬಿಟ್ಟರು: "ಅವಳ್ದು ಒಂದ್ ಚೂರೂ ಕುಯ್ಯಂಗಿಲ್ಲ." ಇವರು "ಕುಯ್ಯಾಕಿಲ್ಲ" ಎಂದು ಪೆಟ್ಟಿಗೆ ಹೊತ್ತು ಟೆರೇಸಿಗೆ ಹೋದರು.

ಅಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಅವರು ಕಟ್ಟತೊಡಗಿದ್ದು ವಿಮಾನವನ್ನಲ್ಲ, ಕಾರನ್ನು. ಬಟ್ಟೆ ತೆಗೆಯಲು ಹೋದಾಗ ನೋಡಿ ನನಗೆ ಸಿಟ್ಟೇ ಬಂತು. "ಮಗು ಪ್ಲೇನ್ ಮಾಡಕ್ಕೆ ಇಟ್ಕೊಂಡಿದ್ದು, ಅದನ್ನೇ ಮುಗಿಸಬಾರ್ದಾ ಅಣ್ಣ?" ಎಂದೆ.

"ಪ್ಲೇನು ಹೋಗೋ ಗಾಡಿ ಕಣಮ್ಮ. ನಂಗೆ ಕರ್ಕೊಂಡ್ ಬರೋ ಗಾಡಿ ಬೇಕು" ಎಂದರು.

ಕತ್ತರಿ ಇಲ್ಲ, ಬ್ಲೇಡಿಲ್ಲ, ಗರಗಸವಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಅಂಟಿಸಬೇಕು. ಯಾರಾದರೂ ಹಾಗೆ ಕಾರು ಕಟ್ಟುತ್ತಾರೆಯೇ? ಇವರು ಕಟ್ಟಿದರು. ಒಡಲನ್ನು ಕಾರಿನ ತಳ ಮಾಡಿದರು. ರೆಕ್ಕೆಗಳನ್ನು ನಿಲ್ಲಿಸಿ ಎರಡು ಬದಿಗೆ ಅಂಟಿಸಿದರು. ರೆಕ್ಕೆಯ ಅಂಚಿನಲ್ಲಿ ಆಡುವ ಪಟ್ಟಿಯೊಂದಿತ್ತಲ್ಲ, ಅದು ಲಾರಿಯ ಪಕ್ಕದ ಹಲಗೆಯ ಹಾಗೆ ಕೆಳಕ್ಕೆ ತೆರೆಯುವ ಬಾಗಿಲಾಯಿತು. ಬಾಲದ ಮೇಲೆ ನೆಟ್ಟಗೆ ನಿಲ್ಲುವ ಪಟ್ಟಿಗೆ ಎಲ್ಲೂ ಜಾಗ ಸಿಗದೆ, ಅದು ಕಾರಿನ ಹಿಂದೆ ಜುಟ್ಟಿನ ಹಾಗೆ ನಿಂತುಬಿಟ್ಟಿತು. ಕೆಳಗಿನ ಮನೆಯ ಮಕ್ಕಳು 'ಜುಟ್ಟು ಕಾರು' ಎಂದು ಕೂಗಿದಾಗ ಡ್ರೈವರಣ್ಣನೂ ನಕ್ಕರು. ಮೆಟ್ಟಿಲಲ್ಲಿ ಯಾರಾದರೂ ಏನು ಮಾಡುತ್ತಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರೆ, "ಕಾರ್ ಒಟ್ಟಿಟ್ಟಿರ್ಕೇನ್" ಎನ್ನುತ್ತಿದ್ದರು. ಕಾರು ಅಂಟಿಸುತ್ತಿದ್ದೇನೆ. ಆ ಮಾತು ಈಗ ಸರಿಯಾಗಿತ್ತು, ತಿದ್ದುವವಳು ಇರಲಿಲ್ಲ.

ಅಳತೆಗೆ ಅವರದೇ ಲೆಕ್ಕ. ದೊಡ್ಡ ಕಾರಿನ ಒಂದು ಗೇಣಿಗೆ ಇಲ್ಲಿ ಒಂದು ಬೆರಳು. ನಮ್ಮ ಕಾರನ್ನೇ ಗೇಣು ಹಾಕಿ ಅಳೆದುಕೊಂಡು ಹೋಗಿ ಆದಷ್ಟೂ ಎಲ್ಲವನ್ನೂ ಅದಕ್ಕೆ ಹೊಂದಿಸಿದ್ದರು, ಹಿಂದಿನ ಸೀಟೊಂದನ್ನು ಬಿಟ್ಟು. ಬಾಲದ ಅಡ್ಡ ಪಟ್ಟಿಯನ್ನು ಉದ್ದಕ್ಕೆ ಮಲಗಿಸಿ ಅದಕ್ಕೆ ಸೀಟು ಮಾಡಿದ್ದರು. ಅದು ಮುಂದಿನ ಸೀಟಿನ ಜಾಗವನ್ನೂ ತಿಂದು ಹಾಕಿತ್ತು.

"ಡ್ರೈವರ್ ಎಲ್ ಕೂತ್ಕೋಬೇಕಣ್ಣ? ಈ ಸೀಟು ಇಷ್ಟುದ್ದ ಯಾಕೆ?" ಎಂದು ನಗುತ್ತಲೇ ಕೇಳಿದೆ.

"ನನ್ ಮಗಳು ಏಳ್ ಗೇಣು ಉದ್ದ. ಏಳ್ ಬೆರಳು ಸಾಕಾಗಿತ್ತು" ಎಂದು ಅವರು ಆ ಪಟ್ಟಿಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಇಟ್ಟು ತೋರಿಸಿದರು. "ಕುಯ್ಯಂಗಿಲ್ವಲ್ಲ, ಇರ್ಲಿ ಬುಡು. ಜ್ವರ ಬಂದವ್ಳು, ಕಾಲ್ ಚಾಚ್ಕೊಂಡ್ ಮಲಕ್ಕೊಂಡ್ ಬರ್ಲಿ."

ನಾನು ಒಣಗಿದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಕೆಳಗಿಳಿದುಬಿಟ್ಟೆ.

ಕಾರಿಗೆ ನಾಲ್ಕು ಗಾಲಿ ಬೇಕು, ವಿಮಾನಕ್ಕೆ ಇದ್ದದ್ದು ಮೂರೇ. ಕೆಲಸ ಅಲ್ಲಿಗೆ ನಿಂತಿತು. ನಾನು ಬೆಂಗಳೂರಿನಿಂದ ಒಂದನ್ನು ತರಿಸಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ, ಹೊರಗಿನದು ಬೇಡವಂತೆ. ಸುಮ್ಮನೆ ಕಾರಿನ ಮುಂದೆ ಕೂತಿರುತ್ತಿದ್ದರು. ಹೀಗೆ ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಟ್ಯಾಂಕಿನ ಕಟ್ಟೆಯ ಮೇಲೆ ನಾಲ್ಕನೆಯ ಗಾಲಿ ಇತ್ತು. ಮಗಳು ಹೆಚ್ಚಿಗೆ ಒಂದನ್ನು ತಂದಿಟ್ಟುಕೊಂಡಿದ್ದಳಂತೆ. ಅದನ್ನು ಅಕ್ಕ ತಮ್ಮ ಸೀರೆಗಳ ನಡುವೆ ಬಚ್ಚಿಟ್ಟುಕೊಂಡಿದ್ದರು. ಡ್ರೈವರಣ್ಣ ಆ ಗಾಲಿಯನ್ನು ನನ್ನ ಅಂಗೈಯಲ್ಲಿಟ್ಟು, "ಕೊಟ್ಟವ್ಳೆ ನೋಡಮ್ಮ" ಎಂದರು. ಅವರ ಕಣ್ಣು ತುಂಬಿತ್ತು.

ಕಾರು ಓಡಿದ ದಿನ ನಾನು ಅಲ್ಲಿದ್ದೆ. ಮುಂದೆ ಫ್ಯಾನು ತಿರುಗಿದೊಡನೆ ಎಂಥಾ ಗಾಳಿ! ಅಕ್ಕ ಒಣಗಲು ಹಾಕಿದ್ದ ಹಪ್ಪಳಗಳೆಲ್ಲ ಹಾರಾಡಿದವು. ಸದ್ದು ಕೇಳಿ ಅಕ್ಕ ಮೇಲೆ ಬಂದು, ಮೆಟ್ಟಿಲ ಬಾಗಿಲಲ್ಲಿ ನಿಂತರು. ಡ್ರೈವರಣ್ಣ ರಿಮೋಟು ಹಿಡಿದು ಕಾರನ್ನು ಟ್ಯಾಂಕಿನ ಸುತ್ತ ಒಂದು ಸುತ್ತು ತಂದು, ನಿಧಾನ ಮಾಡಿ, ಅಕ್ಕನ ಕಾಲ ಬಳಿ ನಿಲ್ಲಿಸಿದರು. ಆಮೇಲೆ ಹೋಗಿ ಬಗ್ಗಿ, ಆ ಪಟ್ಟಿಯ ಬಾಗಿಲು ತೆರೆದು, ದೊಡ್ಡವರಿಗೆ ಬಾಗಿಲು ತೆರೆದು ನಿಲ್ಲುತ್ತಾರಲ್ಲ, ಹಾಗೆ ನಿಂತರು. ಉದ್ದನೆಯ ಸೀಟಿನ ಮೇಲೆ ಮಗಳ ಕರವಸ್ತ್ರವನ್ನು ಮಡಿಸಿ ಹಾಸಿದ್ದರು.

ಅಕ್ಕ ಅದನ್ನು ನೋಡುತ್ತಲೇ ಇದ್ದರು. ತುಟಿ ಅಲುಗಿತು. ಹೇಳಿಬಿಡಲಿ ದೇವರೇ, ಹೋಗಲಿ ಬಿಡಿ ಎಂದು ಒಂದು ಮಾತು ಹೇಳಿಬಿಡಲಿ ಎಂದು ನಾನು ಸೆರಗು ಹಿಡಿದುಕೊಂಡು ಕಾದೆ.

"ಊಟಕ್ ಬನ್ನಿ" ಎಂದರು ಅಕ್ಕ. ಅಷ್ಟೇ ಹೇಳಿ ಇಳಿದುಹೋದರು.

"ಬತ್ತೀನಿ, ಬತ್ತೀನಿ" ಎಂದರು ಡ್ರೈವರಣ್ಣ. ನನ್ನ ಕಡೆ ತಿರುಗಿ, "ಬಾಯ್ಬುಟ್ ಕರದ್ಲು ಕಣಮ್ಮ" ಎಂದರು. ಅವರಿಗೆ ಅಷ್ಟೇ ಸಾಕಾಗಿತ್ತೋ ಏನೋ, ನನಗೆ ಸಾಲದು ಅನ್ನಿಸಿತು.

ಅದಾಗಿ ಬಹಳ ಕಾಲವೇನೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಡ್ರೈವರಣ್ಣ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಗುಮ್ಮಳಾಪುರದಲ್ಲಿ ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಹೋಗಿಬರಲು ನಮ್ಮ ಕಾರನ್ನು ನಾನೇ ಓಡಿಸಿದೆ. ಪಕ್ಕದಲ್ಲಿ ಕೂತಿದ್ದ ಗಂಡ ಈ ಸಲ ಗೇರು, ಬ್ರೇಕು ಎಂದು ಹೇಳಿಕೊಡಲು ಬರಲಿಲ್ಲ.

ತಿಥಿಯ ದಿನ ನೆಂಟರೆಲ್ಲ ಉಂಡು ಹೊರಟ ಮೇಲೆ ಅಕ್ಕ ನನ್ನ ಕೈ ಹಿಡಿದು ಕೂರಿಸಿಕೊಂಡರು. ಕಾರು ಫೋಟೋದ ಮುಂದೆ ಎಡೆಯ ಪಕ್ಕದಲ್ಲಿತ್ತು.

"ಆಸ್ಪತ್ರೇಲಿ ಅವ್ರು ರಕ್ತ ತರಾಕ್ ಹೋಗಿದ್ರಲ್ಲ, ಅವಾಗ ಡಾಕ್ಟ್ರು ನಂಗೊಬ್ಬಳಿಗೇ ಹೇಳಿದ್ರು ಕಣಮ್ಮ" ಎಂದರು. "ನೆನ್ನೆ ಸಂಜೇನೇ ತಂದಿದ್ರೂ ಉಳಿಯಾದು ಕಷ್ಟಾನೇ ಆಗಿತ್ತು, ತಂದೆ ತಾಯಿ ತಪ್ಪಲ್ಲ ಅಂದ್ರು. ನಾನು ಅವ್ರಿಗೆ ಹೇಳ್ಲಿಲ್ಲ."

"ಯಾಕಕ್ಕ?" ಎಂದೆ.

"ಹೇಳ್ಬುಟ್ರೆ ಸಿಟ್ ಮಾಡ್ಕಳಾಕೆ ನಂಗೆ ಇನ್ಯಾರಿದ್ರು? ದೇವ್ರ ಮ್ಯಾಲೆ ಎಷ್ಟ್ ದಿನ ಮಾಡ್ಕಳನ? ಅವತ್ತು ಟೆರೇಸಿಗ್ ಬಂದಿದ್ದು ಹೇಳಾಕೇಯ. ಬಾಯಿಗ್ ಬಂದಿತ್ತು ಕಣಮ್ಮ. ಊಟದ್ ಮಾತಾಡ್ ಬುಟ್ಟೆ. ನಾಳೆ ಹೇಳ್ತೀನಿ ಅನ್ಕಂಡೆ, ನಾಳೆ ನಾಳೆ ಅಂತ ಹಂಗೇ ಹೋಯ್ತು." ಅಕ್ಕ ನನ್ನ ಮುಖವನ್ನೇ ನೋಡಿದರು. "ಅವ್ರಿಗ್ ಗೊತ್ತಾಗಿರ್ತದೆ ಅಲ್ವಾ? ಮನಸ್ನಾಗೆ ಗೊತ್ತಾಗಿರ್ತದೆ."

ಗೊತ್ತಾಗಿತ್ತು ಅಕ್ಕ ಎಂದೆ. ಹಾಗೆ ಕೇಳಿದವರಿಗೆ ಇನ್ನೇನು ಹೇಳಲಿ? ಆದರೆ ಡ್ರೈವರಣ್ಣನಿಗೆ ಗೊತ್ತಾಗಿರಲಿಲ್ಲ. ಸಾಯುವ ಹಿಂದಿನ ಸಂಜೆಯೂ ಅವರು ಟೆರೇಸಿನಲ್ಲಿ ಕೂತು, ಒದ್ದೆ ಬಟ್ಟೆಯಿಂದ ಆ ಕಾರಿನ ಹಿಂದಿನ ಸೀಟನ್ನು ಒರೆಸುತ್ತಿದ್ದರು. ನಾನು ಬಟ್ಟೆ ತೆಗೆಯುತ್ತಾ ಕೇಳಿಸಿಕೊಂಡೆ, ಸೀಟಿಗೆ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಿದ್ದರು: "ಬಂದೆ ಮಗ, ಇಗೋ ಹೊರಟೆ."