ಗಿರಣಿ ದೊಡ್ಡವ್ವ ಕೇಳಿದ್ದು

ಅವಳ ಕಣ್ರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ಹುಬ್ಬು, ಕಿವಿಯ ಹಿಂದಿನ ಕೂದಲು, ಕೊರಳಲ್ಲಿ ತೂಗುತ್ತಿದ್ದ, ಲಿಂಗವಿಟ್ಟ ಬೆಳ್ಳಿ ಕರಡಿಗೆಯ ಸಂದುಗಳು, ಎಲ್ಲೆಲ್ಲೂ ಜೋಳದ ಹಿಟ್ಟು. ಜಳಕ ಮಾಡಿ ಮದುವೆಗೆ ಹೊರಟಾಗಲೂ ರೆಪ್ಪೆಗಳಲ್ಲಿ ಒಂದಿಷ್ಟು ಉಳಿದಿರುತ್ತಿತ್ತು. ಅತ್ತರೆ ಹಿಟ್ಟು ಕಣಕವಾಗುತ್ತದೆ ಎಂದು ತಾನೇ ತಮಾಷೆ ಮಾಡುತ್ತಿದ್ದಳು.

ಹುಮನಾಬಾದಿನ ನಮ್ಮ ಓಣಿಯ ತುದಿಗೆ ಅವಳ ಹಿಟ್ಟಿನ ಗಿರಣಿ. ಗಂಡ ತೀರಿದ ಮೇಲೆ ಒಬ್ಬಳೇ ನಡೆಸಿದಳು. ಓಣಿಗೆಲ್ಲ ಅವಳು ಗಿರಣಿ ದೊಡ್ಡವ್ವ. ಬೆಲ್ಟಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಪಿಸುಮಾತನ್ನೇ ಮರೆತಿದ್ದಳು. ದೇವರ ಮುಂದೆಯೂ ಕೂಗಿಯೇ ಬೇಡುತ್ತಿದ್ದಳು. ಪಾಳಿ ತಪ್ಪಿಸಿ ಯಾರಾದರೂ ಡಬ್ಬಿ ಮುಂದೆ ಸರಿಸಿದರೆ ಮುಗಿಯಿತು. "ಏನವ್ವಾ, ನಿನ್ನ ಜ್ವಾಳಕ್ಕ ಕಾಲ ಬಂದಾವೇನು? ತಾನ ನಡಕೋತ ಮುಂದ ಬಂತು?"

ಅವಳ ಒಬ್ಬನೇ ಮಗ ಸೈನ್ಯದಲ್ಲಿದ್ದ. ಉತ್ತರದ ಹಿಮದ ಗುಡ್ಡಗಳಲ್ಲಿ ನಡೆದ ಯುದ್ಧದಲ್ಲಿ ಸತ್ತ.

ಅವನನ್ನು ಮಣ್ಣು ಮಾಡಿದ ದಿನವನ್ನು ನಾನು ಕಂಡದ್ದು ಹೌದು. ಆದರೆ ಏನು ಕಂಡೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನನ್ನ ನೆನಪಿನಲ್ಲಿ ಸಣ್ಣಗೆ ಮಳೆ ಹನಿಯುತ್ತದೆ. ಗಿರಣಿಯ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಚಾಚಾ ಅಂದು ಸುಡುಬಿಸಿಲು ಎನ್ನುತ್ತಾನೆ. ಮಳೆಯನ್ನು ಬಿಟ್ಟುಬಿಡುತ್ತೇನೆ. ಇಬ್ಬರಿಗೂ ಒಂದೇ ತೆರನಾಗಿ ನೆನಪಿರುವುದನ್ನಷ್ಟೇ ಬರೆಯುತ್ತೇನೆ.

ಮುಡಬಿಯ ಹತ್ತಿರ ಅವರ ಹೊಲ. ಆ ಮನೆತನದವರನ್ನೆಲ್ಲ ಅಲ್ಲಿಯೇ ಮಣ್ಣು ಮಾಡಿದ್ದಾರೆ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕುಳಿತಂತೆ ಕೂರಿಸಿ ಮಣ್ಣು ಕೊಡುತ್ತಾರೆ. ಊರವರು ಬೆಳಿಗ್ಗೆಯೇ ಎದ್ದು ರೂಢಿಯಂತೆ ಕುಣಿ ತೋಡಿದ್ದರು: ಚೌಕಾಕಾರ, ಆಳ, ಒಂದು ಬದಿಗೆ ಕೂರಿಸಲು ಗೂಡು. ಮಧ್ಯಾಹ್ನ ಸೈನ್ಯದ ಲಾರಿ ಬಂತು. ಅದರಿಂದ ಇಳಿದದ್ದು ಆರಡಿ ಉದ್ದದ ಪೆಟ್ಟಿಗೆ.

ಪೆಟ್ಟಿಗೆ ಆ ಕುಣಿಯಲ್ಲಿ ಹಿಡಿಯುವಂತಿರಲಿಲ್ಲ. ಜನ ಪೆಟ್ಟಿಗೆಯನ್ನೊಮ್ಮೆ, ಕುಣಿಯನ್ನೊಮ್ಮೆ ನೋಡುತ್ತ ನಿಂತರು.

"ತೆಗೀರಿ. ನನ್ನ ಮಗನ್ನ ಕುಂಡ್ರಸ್ರಿ" ಎಂದಳು ದೊಡ್ಡವ್ವ.

ಜೊತೆಗೆ ಬಂದಿದ್ದ ಅಧಿಕಾರಿ ಇನ್ನೂ ಮೀಸೆ ದಟ್ಟವಾಗದ ಹುಡುಗ. ತೆರೆಯುವಂತಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಬಹಳ ದಿನಗಳಾಗಿವೆ, ನೋಡುವ ಸ್ಥಿತಿಯಲ್ಲಿಲ್ಲ ಎಂದ. ಚಾಚಾ ಅದನ್ನು ಕನ್ನಡಕ್ಕೆ ತಿರುಗಿಸಿದ. ಕೊನೆಯ ಮಾತನ್ನು ನುಂಗಿಕೊಂಡ. ದೊಡ್ಡವ್ವ ಅದನ್ನು ಅವನ ಮುಖದಲ್ಲಿ ಓದಿಕೊಂಡಳು.

ಹಾರೆ, ಸಲಿಕೆ ಹಿಡಿದವರು ಮತ್ತೆ ಕುಣಿಗೆ ಇಳಿದು ಅದನ್ನು ಉದ್ದ ಮಾಡಿದರು. ಕರಿಮಣ್ಣು ಹೆಂಟೆ ಹೆಂಟೆಯಾಗಿ ಮೇಲೆ ಬಂತು. ಪೆಟ್ಟಿಗೆ ಇಳಿಯಿತು. ಹಣೆಗೆ ವಿಭೂತಿ ಹಚ್ಚಬೇಕು. ದೊಡ್ಡವ್ವ ಸೆರಗು ಸಿಕ್ಕಿಸಿ ಕೆಳಗಿಳಿದಳು. ವಿಭೂತಿ ಹಿಡಿದ ಕೈ ಹಲಗೆಯ ಮೇಲೆ ಆಚೆ ಈಚೆ ಆಡಿತು. ತಲೆಯೆತ್ತಿ ಆ ಹುಡುಗನನ್ನು ಕೇಳಿದಳು:

"ತಲಿ ಯಾವ ಕಡಿ ಐತ್ರಿ?"

ಚಾಚಾ ಹಿಂದಿಯಲ್ಲಿ ಹೇಳಿದ. ಹುಡುಗ ತಡಮಾಡಿದ. ಆಮೇಲೆ ಹೊಲದ ಬದುವಿನಲ್ಲಿದ್ದ ಬೇವಿನ ಮರದ ಕಡೆಗೆ ಕೈ ತೋರಿದ. ಅವಳು ಆ ತುದಿಗೆ ಹೋಗಿ ಹಲಗೆಯ ಮೇಲೆ ಮೂರು ಬೆರಳೆಳೆದಳು.

ಅಂದು ಅವಳಾಡಿದ ಮಾತು ಇವೆರಡೇ. ಒಂದು ಕೇಳಿಕೆ, ಒಂದು ಪ್ರಶ್ನೆ.

ಮರುವರ್ಷದಿಂದ ಬಸವಕಲ್ಯಾಣದಲ್ಲಿ ಹುತಾತ್ಮರ ನೆನಪಿನ ಕಾರ್ಯಕ್ರಮ ಶುರುವಾಯಿತು. ಸುತ್ತಲಿನ ತಾಯಂದಿರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುತ್ತಿದ್ದರು. ಮೊದಲ ವರ್ಷವೇ ಭಾಷಣಕಾರರೊಬ್ಬರು ದೊಡ್ಡವ್ವನತ್ತ ಕೈ ಚಾಚಿ ಹೇಳಿದರು: "ಮಗನ ಸಮಾಧಿಯ ಮುಂದೆ ನಿಂತು ಈ ತಾಯಿ ಏನೆಂದಳು ಗೊತ್ತೇ? ನನಗೆ ಇನ್ನೊಬ್ಬ ಮಗನಿದ್ದಿದ್ದರೆ ಅವನನ್ನೂ ಕಳಿಸುತ್ತಿದ್ದೆ ಎಂದಳು!"

ಚಪ್ಪಾಳೆ ಬಿತ್ತು. ದೊಡ್ಡವ್ವ ಎದ್ದು ನಿಂತಳು. ಆ ದನಿಗೆ ಮೈಕು ಬೇಕಾಗಿರಲಿಲ್ಲ.

"ನಾ ಹಂಗಂದಿಲ್ರಿ! ಇನ್ನೊಬ್ಬ ಇದ್ದಿದ್ರ ಗಿರಣ್ಯಾಗ ಹಾಕಿ ಕೊಂಡಿ ಜಡೀತಿದ್ದೆ!"

ಜನ ನಕ್ಕರು. ಯಾರೋ ಇನ್ನಷ್ಟು ಚಪ್ಪಾಳೆ ಹೊಡೆದರು. ಕಾರ್ಯಕರ್ತನೊಬ್ಬ ಓಡಿಬಂದು ನೀರು ಕೊಟ್ಟ, ದುಃಖ ಉಕ್ಕಿಬಂದಿದೆ ಎಂಬಂತೆ.

ಬಸ್ಸಿನಲ್ಲಿ ವಾಪಸು ಬರುವಾಗ ರೊಟ್ಟಿಯ ಗಂಟು ಬಿಚ್ಚಿ, ಜೊತೆಗೆ ಹೋಗಿದ್ದ ನನಗೊಂದು ರೊಟ್ಟಿ ಕೊಟ್ಟಳು, ಮೇಲೆ ಶೇಂಗಾ ಹಿಂಡಿಯ ಖಾರದ ಪುಡಿ ಉದುರಿಸಿದಳು. "ತಿನ್ನು ತಮ್ಮಾ. ಮುಂದಿನ ವರ್ಷನೂ ಬರೋದೈತಿ. ಮತ್ತ ಹೇಳಬೇಕು."

ಹೋದಳು. ಪ್ರತಿ ವರ್ಷ ಹೋದಳು. ಪ್ರತಿ ವರ್ಷ ಯಾರೋ ಒಬ್ಬರು ಆ ಮಾತು ಹೇಳಿದರು, ಅವಳು ಎದ್ದು ಅಲ್ಲ ಎಂದಳು. ಸಂಘಟಕರು ಗಿರಣಿಗೇ ಬಂದು ಮೆಲ್ಲಗೆ ತಿಳಿಹೇಳಿದರು: "ಅವ್ವಾರ, ಜನಕ್ಕ ಧೈರ್ಯ ಬರೋ ಮಾತು ಬೇಕಾಗ್ತದ್ರಿ. ನೀವು ಸುಮ್ಮನ ಕುಂತರ ಸಾಕು."

"ಧೈರ್ಯ ಬೇಕಂದ್ರ ನನ್ನ ಹತ್ರ ಐತಿ, ಒಯ್ರಿ. ಸುಳ್ಳ ಯಾಕ ಒಯ್ತೀರಿ?" ಎಂದು ಗಿರಣಿಯ ಸ್ವಿಚ್ ಹಾಕಿದಳು. ಮುಂದೆ ಅವರು ಏನಂದರೋ ಅವರಿಗೂ ಕೇಳಿಸಲಿಲ್ಲ.

ಒಂದು ವರ್ಷ ಮೈದಾನದ ಬಾಗಿಲಲ್ಲೇ ಅವಳ ಚಿತ್ರದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಕೆಳಗೆ ಕೆಂಪಕ್ಷರದಲ್ಲಿ ಅದೇ ಮಾತು. ಓದಲು ಬಾರದ ಅವಳು ನನ್ನಿಂದ ಓದಿಸಿಕೊಂಡಳು. ಪಕ್ಕದ ಹಣ್ಣಿನ ಗಾಡಿಯವನ ಚಾಕು ಇಸಿದುಕೊಂಡು, ಕೆಳಗಿನ ಪಟ್ಟಿಯನ್ನು ಆ ತುದಿಯಿಂದ ಈ ತುದಿಗೆ ಕೊಯ್ದು, ಮಡಚಿ ಕಂಕುಳಲ್ಲಿಟ್ಟುಕೊಂಡಳು. ತಡೆಯಲು ಬಂದ ಪೊಲೀಸಪ್ಪ ಚಿತ್ರವನ್ನೂ ಅವಳನ್ನೂ ಹೋಲಿಸಿ ನೋಡಿ ಹಿಂದೆ ಸರಿದ. ಆ ಪಟ್ಟಿಯನ್ನು ಅಕ್ಷರ ಕೆಳಗಾಗಿಸಿ ಗಿರಣಿಯಲ್ಲಿ ಹಾಸಿದಳು. ಚೆಲ್ಲಿದ ಹಿಟ್ಟು ಅದರ ಮೇಲೆ ಬೀಳುತ್ತಿತ್ತು.

"ಚಲೋ ಗಟ್ಟಿ ಐತಿ. ಸುಳ್ಳ ಬಾಳಿಕಿ ಬರ್ತದ ತಮ್ಮಾ" ಎಂದು ನಕ್ಕಳು.

ಹೋಗುವುದನ್ನೇ ಬಿಟ್ಟರಾಗದೇ ಎಂದು ನಾನೊಮ್ಮೆ ಕೇಳಿದ್ದೆ. ಅವಳು ಬೀಸುಕಲ್ಲಿನ ಬಾಯಿಂದ ಬೀಳುತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡುತ್ತಿದ್ದಳು.

"ಆ ಮಾತು ನಾ ಅಂದೀನಿ ಅಂತ ಆದ್ರ, ನನ್ನ ಮಗ ಸತ್ತಿದ್ದು ನನಗ ನಡೀತದ ಅಂತ ಆಗ್ತದ. ನಡಿಯೂದಿಲ್ಲ. ನಾ ಕೇಳಿದ್ದು ಬ್ಯಾರೆ. ಯಾವ ತಾಯಿ ತನ್ನ ಮಗನ ತಲಿ ಎಲ್ಲೈತಿ ಅಂತ ಕೇಳ್ತಾಳ? ಅದನ್ನ ಹೇಳಲಿ ಮೈಕಿನ್ಯಾಗ."

ಹೆಬ್ಬೆರಳಿನ ಹಿಟ್ಟನ್ನು ಸೆರಗಿಗೆ ಒರೆಸಿ, ಅವಳ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ, "ಆ ಹುಡುಗಗೂ ಗೊತ್ತಿರಲಿಲ್ಲ. ಸುಮ್ನ ಕೈ ಮಾಡಿದ. ಪಾಪ, ಅವಂಗೂ ಒಬ್ಬ ತಾಯಿ ಇದ್ದಾಳು" ಎಂದಳು.

ಮೈಯಲ್ಲಿ ಶಕ್ತಿ ಕುಂದಿದಾಗ ಚಾಚಾನನ್ನು ಕರೆದಳು. "ಏ ಚಾಚಾ, ನಮ್ಮ ಮಂದಿಗೆ ಕುಂಡ್ರಸೋ ಕುಣಿ ಅಷ್ಟ ತೋಡಾಕ ಬರ್ತದ. ನೀವು ಮಲಗಸೋ ಮಂದಿ. ನನ್ನ ಕುಣಿ ನಿಂತು ನೀ ತೋಡಸು."

"ಅರೇ ಅಕ್ಕಾ, ನನ್ನಕಿಂತ ಪಹಿಲೇ ಹೋಗಾಕ ನಿಂಗ್ಯಾಕ ಇಷ್ಟ ಅರ್ಜಂಟ? ಅಲ್ಲೂ ಪಾಳಿ ಐತಿ."

"ನನ್ನ ಗಿರಣ್ಯಾಗ ನೀ ಯಾವಾಗ ಪಾಳಿ ಹಿಡದಿ?"

ಪೂಜೆ ನಡೆಸುವ ಅಯ್ಯನವರು ಒಪ್ಪಲಿಲ್ಲ. ಲಿಂಗವಂತರನ್ನು ಮಲಗಿಸಿ ಮಣ್ಣು ಕೊಟ್ಟದ್ದು ಎಲ್ಲಿದೆ ಎಂದರು. ಮುಡಬಿಯ ಹೊಲದಲ್ಲಿದೆ ಎಂದಳು. "ಅವ ಮಲ್ಕೊಂಡಾನ್ರಿ ಅಯ್ನೋರ. ಅವನ ಬಾಜೂಕ ನಾ ಕುಂತು ಏನ್ ಕಾಯ್ಲಿ? ನಾನೂ ಮಲ್ಕೋತೀನಿ." ಅವರು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದರು.

ಅವಳು ತೀರಿದ್ದು ಒಂದು ಮುಂಜಾನೆ. ನಾನು ಹೋಗುವಷ್ಟರಲ್ಲಿ ಬಂಧುಗಳು ರೂಢಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಬಟ್ಟೆಯಿಂದ ಕಟ್ಟಿಬಿಟ್ಟಿದ್ದರು. ಮೈ ಸೆಟೆದರೆ ಮುಂದೆ ಮಲಗಿಸಲು ಬರುವಂತಿರಲಿಲ್ಲ. ಚಾಚಾ ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು ಕೂಗಿದ: "ಬಿಚ್ರಿ! ಅಕ್ಕ ಏನಂದಿದ್ಲು ನೆನಪಿಲ್ಲೇನ್ರಿ? ಮಲಗಸ್ರಿ ಮೊದಲ!" ಬಂಧುಗಳು ಅಯ್ಯನವರ ಮುಖ ನೋಡಿದರು. ಅವರು ಬಹಳ ಹೊತ್ತು ವಿಭೂತಿಯ ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿದರು.

"ಕೈಯಾಗ ಲಿಂಗ ಇರಲಿ" ಎಂದರು. "ಉಳದದ್ದು ಶಿವಂಗ ತಿಳೀತದ. ಬಿಚ್ರಿ."

ಹೊಲದಲ್ಲಿ ಚಾಚಾ ನಿಂತು ತೋಡಿಸಿದ ಕುಣಿ ಉದ್ದಕ್ಕೆ, ನೇರವಾಗಿ ಸಿದ್ಧವಾಗಿತ್ತು. ಅವಳನ್ನು ಎತ್ತಿ ಹಿಡಿದಾಗ ಕೆಳಗೆ ನಿಂತವನೊಬ್ಬ ಕೇಳಿದ, "ತಲಿ ಯಾವ ಕಡಿ?"

ಅವಳನ್ನೇ ಕೇಳಿದಂತಿತ್ತು. ನಾನು ಬೇವಿನ ಮರದ ಕಡೆಗೆ ಕೈ ಮಾಡಿದೆ. ಅದೇ ಸರಿ ಎಂದು ಹೇಳಲಾರೆ. ಮಗನ ತಲೆ ಅಲ್ಲಿತ್ತೋ ಇಲ್ಲವೋ, ಅವಳ ಮೂರು ಬೆರಳು ಬಿದ್ದದ್ದು ಅಲ್ಲಿ. ಅವಳ ರೆಪ್ಪೆಗಳನ್ನು ಯಾರೂ ಒರೆಸಿರಲಿಲ್ಲ.

ಈ ವರ್ಷ ಬಸವಕಲ್ಯಾಣಕ್ಕೆ ನಾನು ಮತ್ತು ಚಾಚಾ ಹೋದೆವು. ಹೊಸ ಭಾಷಣಕಾರರು, ಹಳೆಯ ಮಾತು. ಅಗಲಿದ ಆ ವೀರಮಾತೆ ಅಂದಿದ್ದಳಂತೆ, ಇನ್ನೊಬ್ಬ ಮಗನಿದ್ದಿದ್ದರೆ. ನಾನು ಎದ್ದು ನಿಂತೆ. ನನ್ನದು ಗಿರಣಿಯಲ್ಲಿ ಪಳಗಿದ ದನಿಯಲ್ಲ. ಆದರೂ ಆದಷ್ಟು ಗಟ್ಟಿಯಾಗಿ ಹೇಳಿದೆ:

"ಅಕಿ ಹಂಗಂದಿಲ್ರಿ. ಪೆಟಗಿ ತೆಗಿಲಿಲ್ಲ. ತಲಿ ಯಾವ ಕಡಿ ಐತಿ ಅಂತ ಕೇಳಿದ್ಲು. ಅಷ್ಟ."

ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದ ತಾಯಂದಿರಲ್ಲಿ ಒಬ್ಬಳು, ಚಿಟಗುಪ್ಪದ ಕಡೆಯವಳಂತೆ, ಮೆಲ್ಲಗೆ ನನ್ನತ್ತ ತಿರುಗಿದಳು.

"ಯಾವ ಕಡಿ ಇತ್ತಪ್ಪಾ?"

"ಗೊತ್ತಾಗಲಿಲ್ರಿ ಅವ್ವಾ."

ಅವಳು ತಲೆದೂಗಿದಳು. "ನನಗೂ" ಎಂದಳು.